ಎಂಟು ದೇಶ ಸುತ್ತೋದು ಬೇಡ, ಐದು ಊರಲ್ಲಿ ಇದ್ದು ಬನ್ನಿ

‘ಯೂರೋಪ್ ಟೂರ್ ಮುಗಿಸ್ಕೊಂಡು ಬಂದ್ವಿ ಕಣ್ರೀ, ಹನ್ನೆರಡೇ ದಿನದಲ್ಲಿ ಎಂಟು ದೇಶ!’ ಎಂದು ಎದುರುಮನೆಯಾಕೆಯೋ, ಓರಗಿತ್ತಿಯೋ ಹೇಳುವುದನ್ನು ನೀವೂ ಕೇಳಿರುತ್ತೀರಿ. ಕೇಳಿದಾಗ ಒಳಗೊಳಗೇ ಒಂಚೂರು ಹೊಟ್ಟೆ ಉರಿದಿರಲೂಬಹುದು. ಇರಲಿ ಬಿಡಿ. ಆದರೆ ಅವರನ್ನು ಕೂರಿಸಿಕೊಂಡು, ಕಾಫಿ ಕೊಟ್ಟು, ಮೆಲ್ಲಗೆ ಕೇಳಿ ನೋಡಿ: ‘ಅಲ್ಲಿ ನಿಮಗೆ ತುಂಬಾ ಇಷ್ಟವಾದ ಬೀದಿ ಯಾವುದು? ಯಾವ ಊರಿನಲ್ಲಿ ಒಂದು ಸಂಜೆ ಸುಮ್ಮನೆ ಕೂತಿದ್ರಿ?’ ಬಹುತೇಕ ಮಂದಿ ಫೋನಿನಲ್ಲಿ ಫೋಟೊ ಹುಡುಕತೊಡಗುತ್ತಾರೆ. ‘ಇದು ಪ್ಯಾರಿಸ್ಸೋ, ಬ್ರಸೆಲ್ಸೋ, ಸರಿಯಾಗಿ ನೆನಪಿಲ್ಲ...’ ಅಂತಾರೆ.

ತಪ್ಪು ಅವರದಲ್ಲ. ಅಂಥ ಟೂರಿನ ದಿನಚರಿಯೇ ಹಾಗೆ. ಬೆಳಿಗ್ಗೆ ಆರಕ್ಕೆ ಎಬ್ಬಿಸುವ ಫೋನು. ಏಳಕ್ಕೆ ಸೂಟ್‌ಕೇಸ್ ರೂಮಿನ ಬಾಗಿಲ ಹೊರಗೆ. ತಿಂಡಿ, ಬಸ್ಸು, ನಾಲ್ಕು ಗಂಟೆ ಪ್ರಯಾಣ. ಇಳಿದರೆ ನಲವತ್ತು ನಿಮಿಷ ಫೋಟೊಗೆ ಸಮಯ. ಮತ್ತೆ ಬಸ್ಸು, ಊರಾಚೆಯ ಯಾವುದೋ ಹೋಟೆಲ್ಲು. ಇದರ ನಡುವೆ ರಾತ್ರಿ ನಾಲ್ಕು ಜನರ ಬಟ್ಟೆ ಮಡಚಿ ತುಂಬುವವರು ಯಾರು? ಯಜಮಾನರ ಮಾತ್ರೆ, ಅತ್ತೆಯ ಸ್ವೆಟರು, ಮಗನ ಚಾರ್ಜರು ಎಲ್ಲಿದೆ ಅಂತ ನೆನಪಿಟ್ಟುಕೊಳ್ಳುವವರು ಯಾರು? ನೀವೇ ತಾನೆ! ಮನೆಯಲ್ಲೂ ಐದೂವರೆಗೆ ಏಳೋದು, ಅಲ್ಲೂ ಐದೂವರೆಗೆ ಏಳೋದು. ಹಾಗಾದರೆ ರಜೆ ಸಿಕ್ಕಿದ್ದು ಯಾರಿಗೆ?

ನಾನು ಹೇಳುವುದಿಷ್ಟೇ. ಅಷ್ಟು ದುಡ್ಡು ಸುರಿದು, ವೀಸಾಗೆ ಅಲೆದು, ಅಷ್ಟು ದೂರ ಹೋಗುವುದೇ ಆದರೆ ದೇಶಗಳ ಲೆಕ್ಕ ಕೈಬಿಡಿ. ಐದೇ ಊರು ಆರಿಸಿಕೊಳ್ಳಿ. ಒಂದೊಂದರಲ್ಲೂ ಎರಡು, ಮೂರು, ನಾಲ್ಕು ರಾತ್ರಿ ತಂಗಿ. ಊರಿಂದ ಊರಿಗೆ ರೈಲಿನಲ್ಲಿ ಹೋಗಿ. ಜೊತೆಗೆ ಆ ರೈಲಿನ ಟಿಕೆಟ್ಟು ನಿಮ್ಮ ಕೈಚೀಲದಲ್ಲಿರಲಿ, ಯಜಮಾನರ ಜೇಬಿನಲ್ಲಲ್ಲ.

‘ಪ್ಯಾಕೇಜ್ ಟೂರ್ ಆದ್ರೆ ತಲೆನೋವಿಲ್ಲ, ಇಂಡಿಯನ್ ಊಟ ಸಿಗುತ್ತೆ’ ಅಂತೀರಾ? ಒಪ್ಪುತ್ತೇನೆ. ಎಂಬತ್ತರ ಹತ್ತಿರದ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ, ನಡೆಯಲು ಕಷ್ಟವಿರುವವರಿಗೆ ಬಸ್ಸಿನ ಟೂರೇ ವಾಸಿ. ಆದರೆ ನಿಮಗಿನ್ನೂ ನಲವತ್ತೈದು, ಐವತ್ತೈದು, ಕೈಕಾಲು ಗಟ್ಟಿ ಇದೆ ಎಂದಾದರೆ ನನ್ನ ಮಾತು ಸ್ವಲ್ಪ ಕೇಳಿ.

<b>ಹತ್ತೇ ಗಂಟೆಯ ರೈಲು</b>

ಉದಾಹರಣೆಗೆ ಒಂದು ದಾರಿ ಹೇಳುತ್ತೇನೆ. ವೆನಿಸ್‌ನಲ್ಲಿ ಮೂರು ರಾತ್ರಿ, ಫ್ಲಾರೆನ್ಸ್‌ನಲ್ಲಿ ನಾಲ್ಕು, ಲಾ ಸ್ಪೆಜಿಯಾದಲ್ಲಿ ಮೂರು, ಜಿನೋವಾದಲ್ಲಿ ಎರಡು, ಕೊನೆಗೆ ಗಡಿ ದಾಟಿ ಫ್ರಾನ್ಸಿನ ನೀಸ್‌ನಲ್ಲಿ ಎರಡು. ಒಟ್ಟು ಹದಿನಾಲ್ಕು ರಾತ್ರಿ. ಮೊದಲೆರಡು ಹಳೇ ಊರುಗಳು, ಆಮೇಲಿನದೆಲ್ಲ ಕಡಲ ದಂಡೆ.

ವೆನಿಸ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಎರಡೂಕಾಲು ಗಂಟೆ. ಅಲ್ಲಿಂದ ಲಾ ಸ್ಪೆಜಿಯಾಗೆ ಎರಡರಿಂದ ಎರಡೂವರೆ. ಅಲ್ಲಿಂದ ಜಿನೋವಾಗೆ ಒಂದರಿಂದ ಒಂದೂವರೆ. ಜಿನೋವಾದಿಂದ ಗಡಿಯ ವೆಂತಿಮಿಲಿಯಾಗೆ ಎರಡರಿಂದ ಎರಡೂವರೆ. ಅಲ್ಲಿ ರೈಲು ಬದಲಿಸಿದರೆ ಗಂಟೆಯೊಳಗೆ ನೀಸ್. ಎಲ್ಲ ಕೂಡಿಸಿದರೂ ಹತ್ತು ಗಂಟೆ ಆಸುಪಾಸು! ಬೆಂಗಳೂರಿನಿಂದ ಬೀದರ್‌ಗೆ ರೈಲಿನಲ್ಲಿ ಕೂರುವುದಕ್ಕಿಂತ ಕಡಿಮೆ. ಎರಡು ವಾರದಲ್ಲಿ ಇಷ್ಟೇ ಪ್ರಯಾಣ. ಮಿಕ್ಕಿದ್ದೆಲ್ಲ ನಿಮ್ಮ ಸಮಯ.

ವಿಮಾನದ ಟಿಕೆಟ್ ಮಾಡಿಸುವಾಗ ವೆನಿಸ್‌ಗೆ ಹೋಗಿ ನೀಸ್‌ನಿಂದ ವಾಪಸ್ ಬರುವಂತೆ ಮಾಡಿಸಿ. ಎರಡೂ ಕಡೆ ವಿಮಾನ ನಿಲ್ದಾಣ ಇದೆ. ಹೋದ ದಾರಿಯಲ್ಲೇ ಹಿಂದಿರುಗುವ ಒಂದು ದಿನ ಉಳಿಯುತ್ತದೆ.

<b>ಓಡುವವರಿಗೆ ವೆನಿಸ್ ಕೇಳುವ ದುಡ್ಡು</b>

ವೆನಿಸ್‌ಗೆ ರೈಲು ಹೋಗುವುದೇ ನೀರಿನ ಮೇಲೆ. 1846ರಲ್ಲಿ ತೆರೆದ ಮೂರೂವರೆ ಕಿಲೋಮೀಟರಿಗೂ ಉದ್ದದ ಸೇತುವೆ ಅದು. ಕಾರು, ಬಸ್ಸಿಗೆ ಪಕ್ಕದಲ್ಲಿ ರಸ್ತೆ ಆಗಿದ್ದು 1933ರಲ್ಲಿ. ಅಂದರೆ ಸುಮಾರು ತೊಂಬತ್ತು ವರ್ಷ ನೆಲದಿಂದ ಆ ಊರಿಗಿದ್ದ ದಾರಿ ರೈಲೊಂದೇ. ವಿಮಾನ ಇಳಿದು ಸೀದಾ ಊರಿಗೆ ಹೋಗುವವರೂ ಒಮ್ಮೆ ಪಡುವಾಗೋ, ಮೆಸ್ತ್ರೆಗೋ ರೈಲಿನಲ್ಲಿ ಹೋಗಿಬಂದು ಆ ಸೇತುವೆ ನೋಡಬೇಕು. ಸಾಂತಾ ಲುಚೀಯಾ ನಿಲ್ದಾಣದ ಬಾಗಿಲು ದಾಟಿದರೆ ಎದುರಿಗೆ ಆಟೊ ಸ್ಟ್ಯಾಂಡ್ ಇಲ್ಲ, ಕಾಲುವೆ ಇದೆ!

ಇಲ್ಲಿ ಒಂದು ಸಂಗತಿ ಗಮನಿಸಿ. ಬೆಳಿಗ್ಗೆ ಬಂದು ಸಂಜೆ ಹೋಗುವ ಪ್ರವಾಸಿಗರಿಂದ ಬೇಸತ್ತ ವೆನಿಸ್ 2024ರ ಏಪ್ರಿಲ್‌ನಿಂದ ಜನಜಂಗುಳಿಯ ಕೆಲವು ದಿನಗಳಲ್ಲಿ ಅಂಥವರಿಗೆ ಪ್ರವೇಶ ಶುಲ್ಕ ಹಾಕಲು ಶುರುಮಾಡಿತು. ರಾತ್ರಿ ಉಳಿಯುವವರಿಗೆ ಆ ಶುಲ್ಕ ಇಲ್ಲ, ಹೋಟೆಲಿನಲ್ಲೇ ಬೇರೆ ಸಣ್ಣ ತೆರಿಗೆ ಕಟ್ಟಿದರೆ ಆಯಿತು. ಊರೇ ಹೇಳುತ್ತಿದೆ ನೋಡಿ, ಬಂದರೆ ಇದ್ದು ಹೋಗಿ ಅಂತ.

ನಿಮ್ಮಂತೆ ಕಸೂತಿ, ಕ್ರೋಶೆ ಹಿಡಿಸುವವರು ಒಂದು ದಿನ ದೋಣಿ ಹತ್ತಿ ಬುರಾನೋ ದ್ವೀಪಕ್ಕೆ ಹೋಗಬೇಕು. ಮುಕ್ಕಾಲು ಗಂಟೆ ದಾರಿ. ಸೂಜಿ, ನೂಲಿನಲ್ಲಿ ಅಲ್ಲಿನ ಹೆಂಗಸರು ಮಾಡುತ್ತಿದ್ದ ಲೇಸಿಗೆ ಆ ದ್ವೀಪ ಹೆಸರುವಾಸಿ. ಕಲೆ ಸಾಯುವ ಹೊತ್ತಿಗೆ 1872ರಲ್ಲಿ ಅಲ್ಲೊಂದು ಲೇಸ್ ಶಾಲೆ ಶುರುವಾಯಿತು. ಆ ಕಟ್ಟಡ ಈಗ ಮ್ಯೂಸಿಯಂ. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವುದೆಲ್ಲ ಕೈಕೆಲಸ ಅಂದುಕೊಳ್ಳಬೇಡಿ. ಒಂದು ಸಣ್ಣ ತುಣುಕಿಗೆ ಎಷ್ಟು ದಿನ ಕೂರಬೇಕು ಅಂತ ನಿಮಗೆ ಹೇಳಿಕೊಡಬೇಕೇ?

ಗೊಂಡೋಲಾ ದೋಣಿ ಅರ್ಧ ಗಂಟೆಗೆ 90 ಯೂರೋ, ಅದೂ ಹಗಲು ಹೊತ್ತಿನ ದರ. ಮಕ್ಕಳಿಗೆ ಆಸೆ ಇದ್ದರೆ ಮಾಡಿ. ಇಲ್ಲದಿದ್ದರೆ ದೊಡ್ಡ ಕಾಲುವೆಯನ್ನು ಆಚೆ ದಡಕ್ಕೆ ದಾಟಿಸುವ ‘ತ್ರಾಗೆತ್ತೋ’ ಎಂಬ ದೋಣಿ ಇದೆ, ಅದೂ ಗೊಂಡೋಲಾ ಜಾತಿಯದೇ. ಎರಡು ಯೂರೋ ಆಸುಪಾಸಿನಲ್ಲಿ ಆಸೆ ತೀರುತ್ತೆ!

<b>ಫ್ಲಾರೆನ್ಸ್: ಹೆಂಗಸರು ಉಳಿಸಿದ ಊರು</b>

ಬಸ್ಸಿನ ಟೂರಿನವರಿಗೆ ಫ್ಲಾರೆನ್ಸ್ ಅಂದರೆ ಅರ್ಧ ದಿನ. ಗುಮ್ಮಟದ ಮುಂದೆ ಒಂದು ಫೋಟೊ, ಸೇತುವೆ ಮೇಲೆ ಒಂದು ಫೋಟೊ. ನಾಲ್ಕು ದಿನ ಉಳಿಯುವವರಿಗೆ ಏನು ಸಿಗುತ್ತೆ ಗೊತ್ತೇ?

ರೈಲು ನಿಲ್ದಾಣದ ಎದುರಿಗೇ ಸಾಂತಾ ಮರಿಯಾ ನೊವೆಲ್ಲಾ ಚರ್ಚು. ಅದರ ಮ್ಯೂಸಿಯಂನಲ್ಲಿ ಏಸುವಿನ ಕೊನೆಯ ಭೋಜನದ ಚಿತ್ರವೊಂದಿದೆ, ಸುಮಾರು ಏಳು ಮೀಟರ್ ಅಗಲ. ಬರೆದಾಕೆ ಪ್ಲೌತಿಲ್ಲಾ ನೆಲ್ಲಿ ಎಂಬ ಸನ್ಯಾಸಿನಿ, 16ನೇ ಶತಮಾನದಲ್ಲಿ. ಆಗ ಹೆಣ್ಣುಮಕ್ಕಳನ್ನು ಚಿತ್ರಶಾಲೆಗೆ ಸೇರಿಸುತ್ತಿರಲಿಲ್ಲ. ಆಕೆ ತಾನೇ ನೋಡಿ ನೋಡಿ ಕಲಿತದ್ದು. ಚಿತ್ರದ ಮೇಲೆ ಹೆಸರು ಬರೆದು, ‘ಚಿತ್ರ ಬರೆದವಳಿಗಾಗಿ ಪ್ರಾರ್ಥಿಸಿ’ ಎಂದೂ ಬರೆದಿದ್ದಾಳೆ. ನಾಲ್ಕು ವರ್ಷ ರಿಪೇರಿ ಮಾಡಿ ಅದನ್ನು ಜನರ ಮುಂದಿಟ್ಟದ್ದು 2019ರಲ್ಲಿ. ಮೇಜಿನ ಮೇಲೆ ಆಕೆ ಬರೆದಿರುವ ತಟ್ಟೆ, ಬಟ್ಟಲು, ಕಾಳು, ಸೊಪ್ಪು ನೋಡಿ. ಅಡುಗೆಮನೆ ಬಲ್ಲವಳ ಕೈ ಅದು ಅಂತ ನಿಮಗೆ ಥಟ್ಟನೆ ಗೊತ್ತಾಗುತ್ತೆ.

ಇನ್ನೊಬ್ಬಳು ಅನ್ನಾ ಮರಿಯಾ ಲುಯಿಸಾ. ಫ್ಲಾರೆನ್ಸನ್ನು ಆಳಿದ ಮೆದಿಚಿ ಮನೆತನದ ಕೊನೆಯ ಕುಡಿ. ಮಕ್ಕಳಿರಲಿಲ್ಲ, ರಾಜ್ಯ ಬೇರೆ ಮನೆತನದ ಪಾಲಾಯಿತು. 1737ರಲ್ಲಿ ಆಕೆ ಒಂದು ಕರಾರು ಮಾಡಿಸಿದಳು: ತಮ್ಮ ಮನೆತನ ಸಂಗ್ರಹಿಸಿದ ಚಿತ್ರ, ಶಿಲ್ಪ, ಗ್ರಂಥ, ಒಡವೆ ಯಾವುದನ್ನೂ ಊರಿನಿಂದ ಹೊರಗೆ ಒಯ್ಯುವಂತಿಲ್ಲ ಅಂತ. ಇವತ್ತು ಉಫೀತ್ಸಿ ಗ್ಯಾಲರಿಯ ಮುಂದೆ ಜಗತ್ತೇ ಸಾಲುಗಟ್ಟಿ ನಿಲ್ಲುತ್ತದಲ್ಲ, ಅದಕ್ಕೆ ಕಾರಣ ಆ ಒಂದು ಕಾಗದ. ತವರಿನ ಆಸ್ತಿಯನ್ನು ಹೀಗೆ ಊರಿಗೇ ಬಿಟ್ಟುಕೊಟ್ಟ ಹೆಣ್ಣುಮಗಳ ಕಥೆಯನ್ನು ನಲವತ್ತು ನಿಮಿಷದಲ್ಲಿ ಯಾವ ಗೈಡೂ ಹೇಳಲಾರ. ಅಂದಹಾಗೆ ಉಫೀತ್ಸಿಗೆ ಸೋಮವಾರ ರಜೆ. ಟಿಕೆಟ್ ಮೊದಲೇ ಕಾದಿರಿಸಿಕೊಂಡು ಹೋಗಿ.

ಒಡವೆ ಅಂದ ಕೂಡಲೇ ನೆನಪಾಯಿತು! ಅಲ್ಲಿನ ಪೊಂತೆ ವೆಕ್ಕಿಯೋ ಸೇತುವೆಯ ಎರಡೂ ಬದಿ ಬರೀ ಚಿನ್ನದಂಗಡಿ. ಮೊದಲು ಅಲ್ಲಿ ಮಾಂಸದಂಗಡಿಗಳಿದ್ದವು. ವಾಸನೆ ತಾಳಲಾರದೆ 1593ರಲ್ಲಿ ಅಲ್ಲಿನ ದೊರೆ ಅವರನ್ನು ಎಬ್ಬಿಸಿ ಅಕ್ಕಸಾಲಿಗರಿಗೆ ಜಾಗ ಕೊಟ್ಟ. ಕೊಳ್ಳಲೇಬೇಕು ಅಂತಿಲ್ಲ. ನೋಡೋಕೆ ದುಡ್ಡಿಲ್ಲವಲ್ಲ!

ಗುಮ್ಮಟ ಹತ್ತಲು 463 ಮೆಟ್ಟಿಲು, ಲಿಫ್ಟ್ ಇಲ್ಲ. ‘ಹತ್ತಲೇಬೇಕು’ ಅಂತ ಮನೆಯವರು ಹಟ ಹಿಡಿದರೆ ಅವರು ಹತ್ತಿ ಬರಲಿ. ನೀವು ಕೆಳಗಿನ ಚೌಕದಲ್ಲಿ ಕೂತು ಜನರನ್ನು ನೋಡುತ್ತಿರಿ. ಅದೂ ಪ್ರವಾಸವೇ.

<b>ಎಡಗಡೆ ಕಿಟಕಿ ಹಿಡಿಯಿರಿ</b>

ಫ್ಲಾರೆನ್ಸ್‌ನಿಂದ ಕಡಲ ಕಡೆ ಹೊರಟಾಗ ದಾರಿಯಲ್ಲೇ ಪೀಸಾ ಸಿಗುತ್ತದೆ. ನಿಲ್ದಾಣದಲ್ಲಿ ಲಗೇಜು ಇರಿಸಿ ವಾಲುಗೋಪುರ ನೋಡಿಕೊಂಡು ಮುಂದಿನ ರೈಲು ಹಿಡಿದರಾಯಿತು. 1173ರಲ್ಲಿ ಕಟ್ಟಲು ಶುರುಮಾಡಿದ ಆ ಗೋಪುರ ಬೀಳುವ ಭಯದಿಂದ 1990ರಲ್ಲಿ ಬಾಗಿಲು ಹಾಕಿತ್ತು. ಅಡಿಪಾಯ ಸರಿಪಡಿಸಿ, ವಾಲಿಕೆ ಸ್ವಲ್ಪ ತಗ್ಗಿಸಿ ಮತ್ತೆ ತೆರೆದದ್ದು 2001ರ ಡಿಸೆಂಬರ್‌ನಲ್ಲಿ.

ಲಾ ಸ್ಪೆಜಿಯಾ ದೊಡ್ಡ ಬಂದರು. ಅಲ್ಲಿ ಉಳಿಯುವುದು ‘ಚಿಂಕ್ವೆ ತೆರ್ರೆ’ಗಾಗಿ. ಹಾಗಂದರೆ ಐದು ಊರು ಅಂತ ಅರ್ಥ: ರಿಯೊಮಜ್ಜೋರೆ, ಮನರೋಲಾ, ಕೊರ್ನೀಲಿಯಾ, ವೆರ್ನಾತ್ಸಾ, ಮೊಂತೆರೊಸ್ಸೊ. ಕಡಲಿಗೆ ಇಳಿಯುವ ಕಡಿದಾದ ಬಂಡೆಯ ಮೇಲೆ ಬಣ್ಣ ಬಣ್ಣದ ಮನೆಗಳು. ಹಿಂದೆ ಗುಡ್ಡದ ತುಂಬ ಕಲ್ಲುಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ದ್ರಾಕ್ಷಿ ತೋಟ. 1997ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣ ಅಂತ ಸಾರಿತು. 1874ರಲ್ಲಿ ರೈಲು ಬರುವ ತನಕ ಇಲ್ಲಿಗೆ ಕಾಲುದಾರಿ ಇಲ್ಲವೇ ದೋಣಿ, ಎರಡೇ. ಈಗ ಊರಿಂದ ಊರಿಗೆ ರೈಲಿನಲ್ಲಿ ಎರಡರಿಂದ ಐದು ನಿಮಿಷ. ನಮ್ಮ ಕೊಂಕಣ ರೈಲಿನಂತೆ ಸುರಂಗದೊಳಗೆ ಕತ್ತಲು, ಹೊರಗೆ ಥಟ್ಟನೆ ಕಡಲು, ಮತ್ತೆ ಕತ್ತಲು. ದಿನವಿಡೀ ಹತ್ತಿ ಇಳಿಯುವ ಕಾರ್ಡ್ ಸಿಗುತ್ತದೆ.

ಇಲ್ಲೂ ನಿಧಾನವಾಗಿ ಹೋದವರೇ ಜಾಣರು. ಹಡಗಿನಿಂದ ಇಳಿದು ಬರುವ ಪ್ರವಾಸಿಗರು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಓಣಿ ತುಂಬಿರುತ್ತಾರೆ. ಆಮೇಲೆ ಅವರೆಲ್ಲ ಹೋದ ಮೇಲೆ ಊರಿನ ಅಜ್ಜಿಯರು ಕುರ್ಚಿ ಹಾಕಿಕೊಂಡು ಬಾಗಿಲಲ್ಲಿ ಕೂರುವ ಹೊತ್ತು ನಿಮ್ಮದು. ಕೊರ್ನೀಲಿಯಾಗೆ ಮಾತ್ರ ನಿಲ್ದಾಣದಿಂದ ಸುಮಾರು 380 ಮೆಟ್ಟಿಲು ಹತ್ತಬೇಕು. ಸಣ್ಣ ಬಸ್ಸೂ ಇದೆ, ಸಂಕೋಚ ಬೇಡ. ರಿಯೊಮಜ್ಜೋರೆಯಿಂದ ಮನರೋಲಾಗೆ ಹೋಗುವ ‘ಪ್ರೇಮದ ಹಾದಿ’ 2012ರಲ್ಲಿ ಬಂಡೆ ಕುಸಿದು ಮುಚ್ಚಿತ್ತು. 2024ರಲ್ಲಿ ಪೂರ್ತಿ ತೆರೆದಿದೆ. ಯಜಮಾನರ ಕೈಹಿಡಿದು ನಡೆಯೋಕೆ ವಯಸ್ಸಿನ ಮಿತಿ ಹಾಕಿಲ್ಲ!

ಲಾ ಸ್ಪೆಜಿಯಾದಿಂದ ನೀಸ್ ತನಕ ಕಡಲು ಇರುವುದು ರೈಲು ಹೋಗುವ ದಿಕ್ಕಿಗೆ ಎಡಗಡೆ. ಎಡಗಡೆ ಕಿಟಕಿ ಹಿಡಿಯಿರಿ. ಆದರೆ ಒಂದು ಮಾತು, ಇಡೀ ದಾರಿ ಕಡಲು ಕಾಣುತ್ತದೆ ಅಂದುಕೊಳ್ಳಬೇಡಿ. ಜಿನೋವಾ ದಾಟಿದ ಮೇಲೆ ಸ್ಯಾನ್ ರೆಮೊ ಕಡೆಯ ಹಳಿಯನ್ನು 2001 ಮತ್ತು 2016ರಲ್ಲಿ ಗುಡ್ಡದೊಳಕ್ಕೆ ಸರಿಸಿದರು. ಹಳೇ ಹಳಿಯ ಜಾಗ ಈಗ ಸೈಕಲ್ ಹಾದಿ. ಕಡಲನ್ನು ಕಣ್ತುಂಬ ನೋಡುವ ಆಸೆಗೆ ವೆಂತಿಮಿಲಿಯಾದಿಂದ ನೀಸ್‌ಗೆ ಹೋಗುವ ಫ್ರೆಂಚ್ ಲೋಕಲ್ ರೈಲೇ ಸರಿ. ಮಾಂತೊಂ, ಮೊನಾಕೊ, ವಿಲ್‌ಫ್ರಾಂಶ್ ಒಂದಾದ ಮೇಲೊಂದು ಬರುತ್ತವೆ. ಗಡಿಯಲ್ಲಿ ಪೊಲೀಸರು ರೈಲು ಹತ್ತಿ ತಪಾಸಣೆ ಮಾಡುವುದುಂಟು, ಪಾಸ್‌ಪೋರ್ಟ್ ಕೈಗೆ ಸಿಗುವಂತಿರಲಿ.

<b>ಕುಕ್ಕರ್ ಮನೆಯಲ್ಲೇ ಇರಲಿ</b>

ಈಗ ಮುಖ್ಯ ವಿಷಯಕ್ಕೆ ಬರೋಣ. ಊಟ! ನಮ್ಮ ಹೆಂಗಸರ ಅರ್ಧ ಸೂಟ್‌ಕೇಸು ಅವಲಕ್ಕಿ, ಪುಳಿಯೋಗರೆ ಗೊಜ್ಜು, ರೆಡಿ ಉಪ್ಪಿಟ್ಟು, ಎಲೆಕ್ಟ್ರಿಕ್ ಕುಕ್ಕರ್. ಜಗತ್ತಿನ ಆ ತುದಿಗೆ ಹೋಗಿಯೂ ಹೋಟೆಲ್ ರೂಮಿನ ಬಾತ್‌ರೂಮಿನಲ್ಲಿ ಅಕ್ಕಿ ತೊಳೆಯಬೇಕೇ? ದಯವಿಟ್ಟು ಬೇಡ. ಚಟ್ನಿಪುಡಿ, ಕೋಡುಬಳೆ, ಒಂದಿಷ್ಟು ಅವಲಕ್ಕಿ ಸಾಕು. ತುಪ್ಪ, ಪೇಡ ತೆಗೆದುಕೊಂಡು ಹೋಗುವ ಹಾಗೇ ಇಲ್ಲ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರಲು ಯೂರೋಪ್ ಒಕ್ಕೂಟ ಬಿಡುವುದಿಲ್ಲ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಜಿನೋವಾದಲ್ಲಿ ‘ಫರಿನಾತಾ’ ಅಂತ ಸಿಗುತ್ತೆ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟೇ. ದೊಡ್ಡ ತಟ್ಟೆಯಲ್ಲಿ ಹುಯ್ದು ಸೌದೆ ಒಲೆಯಲ್ಲಿ ಬೇಯಿಸುತ್ತಾರೆ. ಒಂದು ತುತ್ತು ಬಾಯಿಗಿಟ್ಟರೆ ‘ಅರೆ, ಇದು ನಮ್ಮ ಕಡಲೆ ಹಿಟ್ಟಿನ ದೋಸೆಯ ಅಕ್ಕ!’ ಅನಿಸದಿದ್ದರೆ ಕೇಳಿ. ಗಡಿ ದಾಟಿ ನೀಸ್‌ಗೆ ಹೋದರೆ ಅದೇ ತಿಂಡಿ, ಹೆಸರು ಮಾತ್ರ ‘ಸೊಕ್ಕಾ’. ನೀಸ್ 1860ರಲ್ಲಷ್ಟೇ ಫ್ರಾನ್ಸಿಗೆ ಸೇರಿದ್ದು. ಗಡಿ ಬದಲಾದರೂ ಅಡುಗೆಮನೆ ಬದಲಾಗಲಿಲ್ಲ ನೋಡಿ.

ಫ್ಲಾರೆನ್ಸ್ ಕಡೆ ಬ್ರೆಡ್, ಬೀನ್ಸ್ ಕಾಳು, ಸೊಪ್ಪು ಹಾಕಿದ ‘ರಿಬೊಲ್ಲೀತಾ’ ಎಂಬ ಗಟ್ಟಿ ಸಾರು ಇದೆ. ಜಿನೋವಾದ ಪೆಸ್ತೊ ನಮ್ಮ ಪುದೀನಾ ಚಟ್ನಿಯಂತೆ ತುಳಸಿ ಜಾತಿಯ ಬೇಸಿಲ್ ಎಲೆ ಅರೆದು ಮಾಡುವಂಥದ್ದು. ಆದರೆ ಅದರಲ್ಲಿ ಬೆಳ್ಳುಳ್ಳಿ ಮತ್ತು ಚೀಸ್ ಇರುತ್ತದೆ. ಅಪ್ಪಟ ಪಾರ್ಮೆಸಾನ್ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಮಡಿ ಮಾಡುವವರು ಇದನ್ನು ತಿಳಿದಿರಲಿ. ಚೀಸೇ ಇಲ್ಲದ ಪೀತ್ಸಾ ಬೇಕಾದರೆ ‘ಮರಿನಾರಾ’ ಕೇಳಿ. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ’ ಅಂದರೆ ಮಾಂಸ ಬೇಡ, ಮೀನು ಬೇಡ ಅಂತ. ಇದಿಷ್ಟು ಬಾಯಿಪಾಠ ಮಾಡಿಕೊಳ್ಳಿ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. ಹೋಟೆಲಿನಲ್ಲಿ ಕೂತು ತಿಂದರೆ ಬಿಲ್ಲಿನಲ್ಲಿ ‘ಕೊಪೆರ್ತೊ’ ಅಂತ ಮೇಜಿನ ದುಡ್ಡು ಸೇರಿರುತ್ತದೆ, ಜಗಳ ಆಡಬೇಡಿ. ಕಾಫಿಯನ್ನು ನಮ್ಮ ದರ್ಶಿನಿಯಲ್ಲಿ ಕುಡಿದ ಹಾಗೆ ನಿಂತೇ ಕುಡಿದರೆ ಅಗ್ಗ.

ಅಡುಗೆಮನೆ ಇರುವ ಫ್ಲ್ಯಾಟೂ ಬಾಡಿಗೆಗೆ ಸಿಗುತ್ತದೆ. ಖರ್ಚು ಉಳಿಯುತ್ತದೆ, ನಿಜ. ಆದರೆ ಒಂದು ಷರತ್ತು ಹಾಕಿ: ಅಲ್ಲಿ ಒಲೆ ಹಚ್ಚುವ ಪಾಳಿ ಎಲ್ಲರದ್ದೂ. ಇಲ್ಲದಿದ್ದರೆ ನೀವು ನೋಡುವುದು ಫ್ಲಾರೆನ್ಸನ್ನಲ್ಲ, ಫ್ಲಾರೆನ್ಸಿನ ಒಂದು ಸಿಂಕನ್ನು!

<b>ಟಿಕೆಟ್ಟು ನಿಮ್ಮ ಕೈಯಲ್ಲಿ</b>

‘ಅಯ್ಯೋ, ಅದೆಲ್ಲ ನಮ್ಮನೆಯವರೇ ನೋಡ್ಕೋತಾರೆ’ ಅನ್ನುವ ಮಾತು ಬಿಡಿ. ತಿಂಗಳ ರೇಷನ್, ಹಾಲಿನ ಲೆಕ್ಕ, ಚೀಟಿ ದುಡ್ಡು, ಮಕ್ಕಳ ಸ್ಕೂಲು ಎಲ್ಲ ಸಂಭಾಳಿಸುವ ನಿಮಗೆ ರೈಲ್ವೆ ಬೋರ್ಡ್ ಓದೋಕೆ ಬಾರದೇ?

ಮೊದಲು ಊರ ಹೆಸರು. ಇಟಲಿಯ ಬೋರ್ಡಿನಲ್ಲಿ ಫ್ಲಾರೆನ್ಸ್ ಎಂದರೆ ಫಿರೆಂತ್ಸೆ, ವೆನಿಸ್ ಎಂದರೆ ವೆನೆತ್ಸಿಯಾ, ಜಿನೋವಾ ಅಂದರೆ ಜೆನೊವಾ, ನೀಸ್ ಎಂದರೆ ನಿತ್ಸಾ. ಬೋರ್ಡಿನಲ್ಲಿ ದೊಡ್ಡದಾಗಿ ಇರುವುದು ರೈಲಿನ ಕೊನೆಯ ಊರು. ಫ್ಲಾರೆನ್ಸ್‌ಗೆ ಹೊರಟ ನೀವು ‘ರೋಮಾ’ ಅಂತಿರುವ ರೈಲು ಹತ್ತಬೇಕಾಗಬಹುದು. ಆದ್ದರಿಂದ ರೈಲಿನ ನಂಬರ್ ನೋಡಿ. ‘ಪಾರ್ತೆಂತ್ಸೆ’ ಎಂದರೆ ಹೊರಡುವ ರೈಲುಗಳು, ‘ಬಿನಾರಿಯೊ’ ಪ್ಲಾಟ್‌ಫಾರಂ, ‘ರಿತಾರ್ದೊ’ ತಡ, ‘ಸೊಪ್ರೆಸ್ಸೊ’ ರದ್ದು, ‘ಉಶೀತಾ’ ಹೊರಗೆ ಹೋಗುವ ದಾರಿ. ಐದು ಪದ, ಮುಗಿಯಿತು.

ವೇಗದ ರೈಲಿಗೆ ಸೀಟು ಕಾದಿರಿಸಬೇಕು. ಬೇಗ ಕೊಂಡಷ್ಟೂ ಅಗ್ಗ. ಊರೂರಲ್ಲಿ ನಿಲ್ಲುವ ‘ರೆಜೊನಾಲೆ’ ರೈಲಿನ ದರ ಯಾವತ್ತೂ ಒಂದೇ, ಹೊರಡುವ ದಿನ ಕೊಂಡರೂ ಸಾಕು. ಅದರ ಕಾಗದದ ಟಿಕೆಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರಂನ ಯಂತ್ರದಲ್ಲಿ ತೂರಿಸಿ ಮುದ್ರೆ ಒತ್ತಿಸಲೇಬೇಕು. ಮರೆತರೆ ದಂಡ. ನಮ್ಮಂಥ ಹೊರದೇಶದವರಿಗೆ ‘ಯೂರೇಲ್’ ಪಾಸ್ ಇದೆ. ಆದರೆ ವೇಗದ ರೈಲಿಗೆ ಪಾಸಿನ ಜೊತೆಗೂ ಸೀಟಿನ ದುಡ್ಡು ಬೇರೆ ಕೊಡಬೇಕು. ಹತ್ತು ಗಂಟೆಯ ಈ ದಾರಿಗೆ ಬಿಡಿ ಟಿಕೆಟ್ಟೇ ಸಾಮಾನ್ಯವಾಗಿ ಲಾಭ. ಎರಡೂ ಲೆಕ್ಕ ಹಾಕಿ ನೋಡಿ.

ಇಟಲಿಯಲ್ಲಿ ರೈಲ್ವೆ ಮುಷ್ಕರ ಆಗಾಗ ಇರುತ್ತದೆ, ದಿನಾಂಕ ಮೊದಲೇ ತಿಳಿಸುತ್ತಾರೆ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರ ತನಕ ಕೆಲವು ಸ್ಥಳೀಯ ರೈಲುಗಳು ಖಂಡಿತ ಓಡುತ್ತವೆ. ಬಸ್ ಟೂರಿನಲ್ಲಿ ಒಂದು ದಿನ ಕೈಕೊಟ್ಟರೆ ಎಲ್ಲ ಅಸ್ತವ್ಯಸ್ತ. ನಿಮಗೇನು, ಒಂದು ರಾತ್ರಿ ಅಲ್ಲೇ ಇದ್ದರಾಯಿತು.

ಕೂಲಿಗಳು ಸಿಗುವುದಿಲ್ಲ. ರೈಲಿನ ಮೆಟ್ಟಿಲು ಎತ್ತರ, ವೆನಿಸ್‌ನಲ್ಲಂತೂ ನಾನೂರಕ್ಕೂ ಹೆಚ್ಚು ಸೇತುವೆ. ಆದ್ದರಿಂದ ತಲೆಗೊಂದು ಸಣ್ಣ ಪೆಟ್ಟಿಗೆ, ಅವರವರದ್ದು ಅವರವರೇ ತುಂಬಿಕೊಳ್ಳಬೇಕು, ಅವರವರೇ ಎತ್ತಬೇಕು. ಈ ಒಂದು ನಿಯಮ ಮನೆಯಲ್ಲೇ ಹೇಳಿಬಿಡಿ. ರಶ್ಶಿನ ರೈಲು, ದೋಣಿಗಳಲ್ಲಿ ಜೇಬುಗಳ್ಳರ ಕಾಟ ಇದೆ. ದೊಡ್ಡ ಸರ, ಬಳೆ ಬ್ಯಾಂಕ್ ಲಾಕರಿನಲ್ಲಿರಲಿ.

<b>ಯಾವಾಗ, ಹೇಗೆ?</b>

ಏಪ್ರಿಲ್, ಮೇ ಇಲ್ಲವೇ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಆಗಸ್ಟ್‌ನಲ್ಲಿ ಸೆಕೆ, ಜನ, ರೇಟು ಮೂರೂ ಜಾಸ್ತಿ.

ಬೇಕಾದ್ದು ಶೆಂಗೆನ್ ವೀಸಾ. ಹೆಚ್ಚು ರಾತ್ರಿ ಯಾವ ದೇಶದಲ್ಲೋ ಆ ದೇಶದ ವೀಸಾಗೆ ಅರ್ಜಿ. ಈ ದಾರಿಯಲ್ಲಿ ಹನ್ನೆರಡು ರಾತ್ರಿ ಇಟಲಿಯಲ್ಲಿ, ಹಾಗಾಗಿ ಇಟಲಿ. ಆರು ತಿಂಗಳು ಮುಂಚಿನಿಂದ ಹಾಕಬಹುದು, ಕಡೇಪಕ್ಷ ಹದಿನೈದು ದಿನ ಮುಂಚೆ ಹಾಕಲೇಬೇಕು. ಕೊನೆ ಗಳಿಗೆಗೆ ಬಿಡಬೇಡಿ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ.

ನಿಮ್ಮ ಹೆಸರಲ್ಲಿ ಸಂಬಳ ಇಲ್ಲ ಅಂತ ಅಳುಕಬೇಡಿ. ಖರ್ಚು ವಹಿಸುವ ಗಂಡನದೋ, ಮಗ–ಮಗಳದೋ ಪತ್ರ, ಅವರ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಂಧ ತೋರಿಸುವ ದಾಖಲೆ ಇಟ್ಟರೆ ಗೃಹಿಣಿಯರಿಗೂ ವೀಸಾ ಸಿಗುತ್ತದೆ. ಆದರೂ ನಿಮ್ಮ ಹೆಸರಿನಲ್ಲೊಂದು ಖಾತೆ ಇರಲಿ. ಸಾಸಿವೆ ಡಬ್ಬಿಯಲ್ಲಿ ಅಡಗಿಸಿಟ್ಟ ದುಡ್ಡನ್ನು ಯಾವ ವೀಸಾ ಅಧಿಕಾರಿಯೂ ನೋಡಲಾರ. ಅದೇ ದುಡ್ಡು ತಿಂಗಳು ತಿಂಗಳು ಬ್ಯಾಂಕಿನ ಆರ್‌ಡಿಗೆ ಬಿದ್ದರೆ ನಾಲ್ಕು ವರ್ಷದಲ್ಲಿ ನಿಮ್ಮ ಮಾತಿಗೂ ತೂಕ ಬರುತ್ತದೆ. ಎಲ್ಲಿಗೆ ಹೋಗೋಣ ಎಂಬ ಪ್ರಶ್ನೆಗೆ ನಿಮ್ಮ ಉತ್ತರವನ್ನೂ ಮನೆಯವರು ಕೇಳುತ್ತಾರೆ.

‘ಮಗಳ ಮದುವೆ ಆಗಲಿ, ಮಗನಿಗೆ ಕೆಲಸ ಸಿಗಲಿ, ಇವರು ರಿಟೈರ್ ಆಗಲಿ’ ಎಂದು ಮುಂದೂಡುತ್ತ ಹೋದರೆ ದುಡ್ಡು ಬರುವ ಹೊತ್ತಿಗೆ ಮಂಡಿ ಹೋಗಿರುತ್ತದೆ. ಆಗ ನಿಜವಾಗಿಯೂ ಬಸ್ಸಿನ ಕಿಟಕಿಯೇ ಗತಿ. ಯೂರೋಪೇ ಆಗಬೇಕೆಂದೂ ಇಲ್ಲ. ದುಡ್ಡು ಸಾಲದಿದ್ದರೆ ಇದೇ ಲೆಕ್ಕವನ್ನು ನಮ್ಮ ಕಾರವಾರ, ಗೋಕರ್ಣ, ಉಡುಪಿಯ ಕರಾವಳಿ ರೈಲಿಗೂ ಹಾಕಬಹುದು. ಊರು ಕಡಿಮೆ, ದಿನ ಹೆಚ್ಚು, ಒಲೆಗೆ ರಜೆ.

ಈ ಭಾನುವಾರ ಮನೆಯವರೆಲ್ಲ ಊಟಕ್ಕೆ ಕೂತಾಗ ಮಾತು ತೆಗೆಯಿರಿ. ‘ಎಷ್ಟು ದೇಶ ನೋಡಬಹುದು?’ ಎಂದು ಅವರು ಕೇಳಿದರೆ, ‘ಎರಡೇ ದೇಶ, ಐದು ಊರು. ಆದರೆ ನಾನೂ ನೋಡ್ತೀನಿ’ ಅನ್ನಿ. ಆಮೇಲೆ ತಟ್ಟೆ ಎತ್ತಿಡುವ ಪಾಳಿಯನ್ನೂ ಅವತ್ತಿನಿಂದಲೇ ಶುರುಮಾಡಿಸಿ. ಅಭ್ಯಾಸ ಆಗಲಿ!